ಆಗುಂಬೆಯ ಏರಿನಲ್ಲಿ ಬಿಸಿಯೇರಿದ ಎಂಜಿನ್

ಕರಾವಳಿಯ ಕಡೆಯಿಂದ ಆಗುಂಬೆಗೆ ಹೊರಟವರಿಗೆ ಘಟ್ಟವು ಮುನ್ಸೂಚನೆಯನ್ನೇನೂ ಕೊಡುವುದಿಲ್ಲ. ಹೆಬ್ರಿಯನ್ನು ದಾಟಿ ಸೋಮೇಶ್ವರದವರೆಗೆ ರಸ್ತೆ ಕಾಡಿನ ನೆರಳಿನಲ್ಲಿ ಸಲೀಸಾಗಿ ಸಾಗುತ್ತದೆ. ಅಲ್ಲಿಂದ ಮುಂದೆ 14 ಕಡಿದಾದ ತಿರುವುಗಳನ್ನು ಸುತ್ತಿ, ಸಮುದ್ರಮಟ್ಟದಿಂದ ಸುಮಾರು 2,100 ಅಡಿ ಎತ್ತರದಲ್ಲಿರುವ ಊರನ್ನು ಮುಟ್ಟಬೇಕು. ದೊಡ್ಡ ಬಸ್ಸುಗಳು ಈ ತಿರುವುಗಳಲ್ಲಿ ಹೊರಳಲಾರವು. ಮಿನಿ ಬಸ್ಸುಗಳೇ ಇಲ್ಲಿನ ಒಡೆಯರು. ಮಳೆಗಾಲದಲ್ಲಿ ಪ್ರಯಾಣಿಕನನ್ನು ಕಾಡುವುದು ಮಂಜು. ಬೇಸಗೆಯಲ್ಲಿ ಕಾಡುವುದು ಅವನದೇ ವಾಹನದ ಎಂಜಿನ್ನು.

ಅದಕ್ಕೆ ಕಾರಣವುಂಟು. ಸಮತಟ್ಟಾದ ರಸ್ತೆಯಲ್ಲಿ ಓಡುವ ಕಾರಿನ ರೇಡಿಯೇಟರಿಗೆ ಎದುರುಗಾಳಿಯೇ ಬೀಸಣಿಗೆ. ಘಟ್ಟದ ಏರಿನಲ್ಲಾದರೋ ಎಂಜಿನ್ನಿನ ದುಡಿಮೆ ಹೆಚ್ಚು, ವೇಗ ಕಡಿಮೆ, ಗಾಳಿ ಸಾಲದು. ಆಗ ನೀರನ್ನು ತಣಿಸುವ ಹೊಣೆಯೆಲ್ಲ ಒಳಗಿನ ಫ್ಯಾನಿನ ಮೇಲೆ ಬೀಳುತ್ತದೆ.

ಇದನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ಏಪ್ರಿಲ್ ತಿಂಗಳೊಂದರಲ್ಲಿ ಮಿತ್ರರೊಬ್ಬರ ಹಳೆಯ ಕಾರಿನಲ್ಲಿ, ಅವರ ವೃದ್ಧ ತಾಯಿಯವರೊಡನೆ, ಶೃಂಗೇರಿಗೆ ಹೊರಟಿದ್ದೆವು. ಐದನೆಯ ತಿರುವನ್ನು ದಾಟುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಉಗಿ ಹೊರಟಿತು. ಮಿತ್ರರು ಕಾರನ್ನು ಅಂಚಿಗೆ ನಿಲ್ಲಿಸಿ, ಬಾನೆಟ್ಟನ್ನೆತ್ತಿ, ಕೈಗೆ ವಲ್ಲಿ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಕ್ಕುವವರಿದ್ದರು. ತಾಯಿಯವರು ಗಾಬರಿಯಿಂದ ಇಳಿದು ಅವರ ಮಗ್ಗುಲಲ್ಲೇ ನಿಂತಿದ್ದರು.

“ಮುಟ್ಟಬೇಡಿ ಮಾರಾಯ್ರೇ!”

ಕೆಳಗಿನಿಂದ ಬಂದ ಮಿನಿ ಬಸ್ಸಿನ ಚಾಲಕನ ಕೂಗು ಅದು. ಬಸ್ಸು ನಿಲ್ಲಿಸಿ ಓಡಿಬಂದವನು ಮೊದಲು “ಅಮ್ಮಾ, ನೀವು ಆಚೆ ಕೂತ್ಕೊಳ್ಳಿ” ಎಂದು ಅವರನ್ನು ದೂರದ ಮೋಟುಗೋಡೆಯ ಮೇಲೆ ಕೂರಿಸಿದ. ಬಿಗಿಯಾದ ಮುಚ್ಚಳದೊಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿಯನ್ನು ಮೀರಿ ಕಾದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿದ ಕ್ಷಣವೇ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಇದನ್ನು ಅವನು ನಮಗೆ ಎರಡೇ ಮಾತಿನಲ್ಲಿ ತಿಳಿಸಿದ.

ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ಬಯಲಲ್ಲಿಯೂ ಬಿಸಿಯಾಗ್ತಿತ್ತಾ, ಏರಿನಲ್ಲಿ ಮಾತ್ರವಾ?” ಹೆಬ್ರಿಯವರೆಗೆ ಮುಳ್ಳು ಅಲುಗಿರಲಿಲ್ಲವೆಂದು ಮಿತ್ರರು ಹೇಳಿದರು. “ಹಾಗಾದರೆ ಮೊದಲು ಫ್ಯಾನು ನೋಡುವ.” ವೈದ್ಯನು ಜ್ವರ ಬರುವ ಹೊತ್ತನ್ನು ಕೇಳುವಂತಿತ್ತು ಆ ವಿಚಾರಣೆ. ವೇಗವಾಗಿ ಓಡುವಾಗಲೇ ಬಿಸಿಯೇರುತ್ತಿದ್ದರೆ ರೇಡಿಯೇಟರು ಕಟ್ಟಿಕೊಂಡಿದೆಯೇ, ನೀರಿನ ಪಂಪು ದುರ್ಬಲವೇ, ಥರ್ಮೋಸ್ಟಾಟು ತೆರೆಯುತ್ತಿಲ್ಲವೇ ಎಂದು ಹುಡುಕಬೇಕಾಗುತ್ತಿತ್ತಂತೆ. ನೀರು ಸೋರುತ್ತಿದ್ದರೆ ಮಾತ್ರ ಬಯಲೆನ್ನದೆ ಏರೆನ್ನದೆ ಎಲ್ಲೆಡೆಯೂ ಅದೇ ಪಾಡು.

ಅರ್ಧ ಗಂಟೆ ಕಾಯಬೇಕಾಯಿತು. ಬಸ್ಸಿನ ಪ್ರಯಾಣಿಕರಲ್ಲಿ ಒಬ್ಬರೂ ಗೊಣಗಲಿಲ್ಲ; ಕೋತಿಗಳು ಮಾತ್ರ ನಮ್ಮ ತಿಂಡಿಯ ಬುಟ್ಟಿಯ ಮೇಲೆ ಕಣ್ಣಿಟ್ಟಿದ್ದವು. ಎಂಜಿನ್ನು ಆರಿದ ಮೇಲೆ ಕೀಲಿಯನ್ನು ತೆಗೆಸಿ, ಅವನು ಫ್ಯಾನಿನ ಬಳಿಗೆ ಕೈ ಹಾಕಿದ. ವಿದ್ಯುತ್ತಿನ ಫ್ಯಾನು ಎಂಜಿನ್ನು ನಿಂತ ಮೇಲೂ ಹಠಾತ್ತನೆ ತಿರುಗಬಲ್ಲದು. ಕೀಲಿ ತೆಗೆಸಿದ್ದು ಅದಕ್ಕಾಗಿ. ವಯರಿನ ಪ್ಲಗ್ಗು ಸಡಿಲಗೊಂಡು ಜೋತುಬಿದ್ದಿತ್ತು! ಅದನ್ನು ಒತ್ತಿ ಕೂರಿಸಿ, ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ನಿಧಾನವಾಗಿ ಬಿಡಿಸಿದ. ತಾಯಿಯವರು ಕುಡಿಯಲೆಂದು ತಂದಿದ್ದ ನೀರನ್ನು, ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಸ್ವಲ್ಪಸ್ವಲ್ಪವಾಗಿ ಹೊಯ್ದ. ಕಾದ ಎಂಜಿನ್ನಿಗೆ ತಣ್ಣೀರನ್ನು ಒಮ್ಮೆಗೇ ಸುರಿದರೆ ಲೋಹ ಬಿರುಕುಬಿಡುವ ಭಯವಿದೆ. ಮುಚ್ಚಳ ಬಿಗಿದು ಏರ್ ಕಂಡೀಷನರನ್ನು ಹಾಕಿಸಿದಾಗ ಫ್ಯಾನು ಸುಯ್ಯನೆ ತಿರುಗಿತು.

ಮಿತ್ರರು ಕೊಡಹೋದ ಹಣವನ್ನು ಅವನು ಮುಟ್ಟಲಿಲ್ಲ. “ತೀರ್ಥಹಳ್ಳಿಯಲ್ಲಿ ಒಮ್ಮೆ ಗ್ಯಾರೇಜಿಗೆ ತೋರಿಸಿ. ದಾರಿಯಲ್ಲಿ ಮುಳ್ಳು ಮತ್ತೆ ಏರಿದರೆ ಹೀಟರು ಹಾಕಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ” ಎಂದ. ಬೇಸಗೆಯಲ್ಲಿ ಹೀಟರೇ ಎಂದು ನಾನು ಬೆರಗಾದೆ. ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನು ಅದು ಹೊರಕ್ಕೆಳೆಯುತ್ತದೆಂದು ಆಮೇಲೆ ಹೊಳೆಯಿತು. ತಾಯಿಯವರು ಕೋಡುಬಳೆಯ ಪೊಟ್ಟಣವನ್ನು ಮುಂದಕ್ಕೆ ಚಾಚಿದರು. ಅದನ್ನು ಮಾತ್ರ ಅವನು ಎರಡೂ ಕೈಯೊಡ್ಡಿ ಇಸಿದುಕೊಂಡು ಬಸ್ಸನ್ನೇರಿದ.

ಉಳಿದ ತಿರುವುಗಳಲ್ಲಿ ಮುಳ್ಳು ಅರ್ಧವನ್ನು ದಾಟಲಿಲ್ಲ. ಸೂರ್ಯಾಸ್ತದ ಕಟ್ಟೆಯನ್ನು ತಲುಪಿದಾಗ ಪಡುವಣದಲ್ಲಿ ಇನ್ನೂ ಬಿಸಿಲಿತ್ತು.