ಕೊಡಲೊಲ್ಲದವನೂ ಕೊಡಲಾರದವನೂ

ಸೆರೆಮನೆಯ ಬಾಗಿಲನ್ನು ದಾಟಿ ಬಂದವನ ಶಿಕ್ಷೆಯು ಅಲ್ಲಿಗೆ ಮುಗಿಯಿತೆಂದು ಲೋಕವು ತಿಳಿಯುವುದು ಸಹಜವೇ ಸರಿ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪೆರೋಲಿನ ಮೇಲೆ ಬಿಡುಗಡೆ ಹೊಂದಿದ ಬಡವನಿಗೆ ಅನೇಕ ವೇಳೆ ಮತ್ತೊಂದು ಶಿಕ್ಷೆಯು ಅಲ್ಲಿಂದಲೇ ಮೊದಲಾಗುತ್ತದೆ. ನ್ಯಾಯಸ್ಥಾನವು ವಿಧಿಸಿದ ಜುಲ್ಮಾನೆ, ನಷ್ಟ ಹೊಂದಿದವರಿಗೆ ಸಲ್ಲತಕ್ಕ ಪರಿಹಾರ, ವ್ಯವಹಾರದ ಖರ್ಚು, ಹಲವು ಸಂಸ್ಥಾನಗಳಲ್ಲಿ ತನ್ನ ಮೇಲ್ವಿಚಾರಣೆಗಾಗಿ ತಾನೇ ತಿಂಗಳು ತಿಂಗಳೂ ತೆರತಕ್ಕ ಶುಲ್ಕ, ಇವೆಲ್ಲವೂ ಬಾಗಿಲಲ್ಲಿ ಅವನನ್ನು ಕಾದಿರುತ್ತವೆ.

ಸೆರೆಯಿಂದ ಬಂದವನಿಗೆ ಕೆಲಸ ಕೊಡುವವರು ವಿರಳ. ಕೊಟ್ಟರೂ ಕೂಲಿ ಅಲ್ಪ. ಮನೆಬಾಡಿಗೆ, ಮಕ್ಕಳ ಹೊಟ್ಟೆಬಟ್ಟೆ, ಅಧಿಕಾರಿಯ ಮುಂದೆ ಹಾಜರಾಗಲು ಬಸ್ಸಿನ ಚಾರ್ಜು, ಎಲ್ಲವೂ ಆ ಅಲ್ಪದಿಂದಲೇ ಸಾಗಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಹಾಸಿಗೆಯುಳ್ಳವರಿಗೆ ಹೇಳಿದ ಮಾತು. ಉಳ್ಳವನಿಗೆ ಐನೂರು ಡಾಲರಿನ ಜುಲ್ಮಾನೆಯು ಒಂದು ದಿನದ ಬೇಸರ. ಇಲ್ಲದವನಿಗೆ ಅದೇ ಮರಳಿ ಸೆರೆಮನೆಯ ದಾರಿ. ಅಂಕಿಯು ಒಂದೇ, ಶಿಕ್ಷೆಯು ಒಂದೇ ಅಲ್ಲ.

1980ರಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಕಳ್ಳತನದ ಅಪರಾಧವನ್ನು ಒಪ್ಪಿಕೊಂಡ ಒಬ್ಬನನ್ನು ಸೆರೆಗೆ ಕಳುಹದೆ, ಪ್ರೊಬೇಷನ್ನಿನ ಮೇಲೆ, ಎಂದರೆ ಸನ್ನಡತೆಯ ನಿಬಂಧನೆಗಳಿಗೆ ಒಳಪಡಿಸಿ, ಹೊರಗೆ ಬಿಟ್ಟರು. 500 ಡಾಲರು ಜುಲ್ಮಾನೆ, 250 ಡಾಲರು ಪರಿಹಾರ. ತಂದೆತಾಯಿಗಳಿಂದ ಸಾಲ ತಂದು ಮೊದಲ 200 ಡಾಲರುಗಳನ್ನು ಕಟ್ಟಿದನು. ಉಳಿದ 550ಕ್ಕೆ ನಾಲ್ಕು ತಿಂಗಳ ಗಡುವು. ಸುಮಾರು ಒಂದು ತಿಂಗಳಲ್ಲಿಯೇ ಕೆಲಸ ಹೋಯಿತು. ಒಂಬತ್ತನೆಯ ತರಗತಿಯ ವರೆಗೆ ಕಲಿತಿದ್ದರೂ ಓದಲು ಬಾರದ ಅವನಿಗೆ ಎಷ್ಟು ಹುಡುಕಿದರೂ ಬೇರೆ ಕೆಲಸ ದೊರೆಯಲಿಲ್ಲ. 1981ರ ಫೆಬ್ರವರಿಯಲ್ಲಿ, ಹಣವು ತಡವಾಗುವುದೆಂದು ತಾನಾಗಿಯೇ ಕಚೇರಿಗೆ ತಿಳಿಸಿದನು. ಆದರೂ ಆ ನಿಬಂಧನೆ ಮುರಿಯಿತೆಂಬ ಕಾರಣದಿಂದ, ಉಳಿದ ಅವಧಿಯನ್ನು ಸೆರೆಯಲ್ಲಿ ಕಳೆಯತಕ್ಕದ್ದೆಂದು ಆಜ್ಞೆಯಾಯಿತು.

ಬಿಯರ್ಡನ್ ವಿರುದ್ಧ ಜಾರ್ಜಿಯಾ ಎಂಬ ಈ ವ್ಯಾಜ್ಯವು ಸರ್ವೋಚ್ಚ ನ್ಯಾಯಸ್ಥಾನದ ವರೆಗೆ ಹೋಯಿತು. ಜುಲ್ಮಾನೆ ಮಾತ್ರವೇ ತಕ್ಕ ಶಿಕ್ಷೆಯಾಗಿರುವಲ್ಲಿ, ಕೊಡಲಾರದವನಿಗೆ ಅದನ್ನು ಸೆರೆಯಾಗಿ ಮಾರ್ಪಡಿಸಕೂಡದೆಂದು ಆ ನ್ಯಾಯಸ್ಥಾನವು 1971ರಲ್ಲಿಯೇ ಹೇಳಿದ್ದಿತು. ಆ ಮೊಕದ್ದಮೆಯಲ್ಲಿ 425 ಡಾಲರಿನ ಬಾಕಿಯು, ದಿನಕ್ಕೆ 5 ಡಾಲರಿನ ಲೆಕ್ಕದಲ್ಲಿ, 85 ದಿನಗಳ ಸೆರೆಯಾಗಿ ಮಾರ್ಪಟ್ಟಿದ್ದಿತು. ಈಗ 1983ರ ಮೇ 24ರಂದು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಅವರು ತೀರ್ಪನ್ನು ಬರೆದರು: ಹಣ ಬಾರದಿದ್ದಾಗ ಏಕೆ ಬರಲಿಲ್ಲವೆಂದು ನ್ಯಾಯಾಧೀಶನು ವಿಚಾರಿಸತಕ್ಕದ್ದು. ಕೊಡಲೊಲ್ಲದವನಿಗೆ ಸೆರೆಯು ಸಲ್ಲಬಹುದು. ಪ್ರಾಮಾಣಿಕವಾಗಿ ಯತ್ನಿಸಿಯೂ ಕೊಡಲಾರದವನಿಗಾದರೋ ಗಡುವನ್ನು ಮುಂದುವರಿಸುವುದು, ಮೊತ್ತವನ್ನು ಇಳಿಸುವುದು, ಸಾರ್ವಜನಿಕ ಸೇವೆಯನ್ನು ಮಾಡಿಸುವುದು ಮುಂತಾದ ಉಪಾಯಗಳನ್ನು ಮೊದಲು ನೋಡಬೇಕು. ಇವು ಯಾವುವೂ ಸಾಲದಿದ್ದರೆ ಮಾತ್ರ ಸೆರೆ.

ಬಡತನವಿದೆಯೆಂದು ಅಪರಾಧವನ್ನು ಮಾಫಿ ಮಾಡಬೇಕೆಂಬುದು ಇದರ ಅಭಿಪ್ರಾಯವಲ್ಲ. ವಸ್ತುವನ್ನು ಕಳೆದುಕೊಂಡವನೂ ಬಡವನಾಗಿರಬಹುದು. ಅವನಿಗೆ ಪರಿಹಾರವು ಸಲ್ಲಲೇಬೇಕು. ಆದರೆ ದುಡಿಯುವ ಕೈಗಳಿಗೆ ಕೋಳ ತೊಡಿಸಿದರೆ ಆ ಪರಿಹಾರವು ಬರುವುದಾದರೂ ಎಲ್ಲಿಂದ? ಪ್ರೊಬೇಷನ್ನಿನವನ ವಿಷಯದಲ್ಲಿ ಹೊರಟ ಈ ಮಾತಿನ ನ್ಯಾಯವು ಪೆರೋಲಿನವನಿಗೂ ಒಪ್ಪುವಂಥದೇ.

ಭಾರತದಲ್ಲಿಯೂ ಈ ಕಷ್ಟವು ಹೊಸದಲ್ಲ. ಜುಲ್ಮಾನೆ ಕಟ್ಟಲಾರದೆ ಸೆರೆಯಲ್ಲುಳಿದ ಬಡ ಕೈದಿಗಳಿಗೆ 25,000 ರೂಪಾಯಿಗಳ ವರೆಗೆ ನೆರವಾಗುವ ಯೋಜನೆಯನ್ನು ಕೇಂದ್ರ ಸರ್ಕಾರವು 2023ರಲ್ಲಿ ರೂಪಿಸಿತು.

ಕಾನೂನಿನ ಪುಸ್ತಕದಲ್ಲಿ ಬಾಕಿಯು ಬಾಕಿಯೇ. ಅದರ ಹಿಂದೆ ಮೊಂಡುತನವಿದೆಯೋ ಬರಿಗೈಯಿದೆಯೋ ಎಂಬುದನ್ನು ಅಂಕಿಯು ಹೇಳಲಾರದು. ಅದನ್ನು ಕೇಳಿ ತಿಳಿಯಬೇಕು. ಕೇಳುವುದಕ್ಕೆ ಬೇಕಾದ ಕಾಲವು ಸ್ವಲ್ಪವೇ. ಕೇಳದೆ ಬಿಟ್ಟರೆ ಒಬ್ಬನ ವರ್ಷಗಳೇ ಹೋಗುತ್ತವೆ.