ಮೊಬೈಲಿನ ಸದ್ದು, ಮನೆಯ ನೆಮ್ಮದಿ

ವಿಜ್ಞಾನವು ಮಾನವನಿಗೆ ನೀಡಿದ ಸೌಕರ್ಯಗಳಲ್ಲಿ ಮೊಬೈಲ್ ಫೋನಿನಷ್ಟು ಬೇಗ ಮನೆಮನೆಯನ್ನು ಹೊಕ್ಕ ವಸ್ತು ವಿರಳ. ದೂರದ ಬಂಧುಗಳ ದನಿಯನ್ನು ಕಿವಿಗೆ ತಲುಪಿಸುವ ಈ ಸಾಧನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಹಗಲಿರುಳೆನ್ನದೆ ಬರುವ ಸೂಚನೆಗಳು, ಅಂದರೆ ನೋಟಿಫಿಕೇಶನ್‌ಗಳು, ಗೃಹಸ್ಥರ ಚಿತ್ತವನ್ನು ಎಷ್ಟು ಚದುರಿಸುತ್ತಿವೆ ಎಂಬುದನ್ನು ವಿಚಾರಿಸಬೇಕಾದ ಕಾಲ ಬಂದಿದೆ. ನಮ್ಮ ಮನೆಯ ಅನುಭವವನ್ನೇ ಓದುಗ ಬಂಧುಗಳ ಮುಂದಿಡುತ್ತೇವೆ.

ನಾವು ಮೂಲತಃ ಧಾರವಾಡ ಜಿಲ್ಲೆಯವರು. ಉದ್ಯೋಗನಿಮಿತ್ತ ಕರಾವಳಿಗೆ ಬಂದು ಮೂಡುಬಿದಿರೆಯಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ದಿನವೂ ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗಿ ಬರುತ್ತೇವೆ. ತಂಗಿಯ ಮನೆ ಬೆಳ್ತಂಗಡಿಯಲ್ಲಿದೆ. ಎಂಬತ್ತೆರಡರ ಅವ್ವ ಊರಿನಲ್ಲಿ ಅಣ್ಣನವರ ಬಳಿ ಇದ್ದಾರೆ. ಹೀಗೆ ಚದುರಿದ ಕುಟುಂಬವನ್ನು ಕೂಡಿಸಲೆಂದೇ ಬಂಧುಗಳ ವಾಟ್ಸ್‌ಆ್ಯಪ್ ಗುಂಪು ಆರಂಭವಾಯಿತು. ಬಳಿಕ ಕಚೇರಿಯದು, ಬಡಾವಣೆಯದು, ಮಗಳ ಕಾಲೇಜಿನದು, ಸಮಾಜದ್ದು ಎಂದು ಗುಂಪುಗಳು ಬೆಳೆದವು. ಶುಭೋದಯದ ಚಿತ್ರಗಳು, ಹುಟ್ಟುಹಬ್ಬದ ಹಾರೈಕೆಗಳು, ಮೂಲ ತಿಳಿಯದ ಸುದ್ದಿಗಳು ನಸುಕಿನಿಂದಲೇ ಸದ್ದು ಮಾಡತೊಡಗಿದವು. ಪೂಜೆಯ ಹೊತ್ತು, ಊಟದ ಹೊತ್ತು ಎಂಬ ಭೇದ ಅವಕ್ಕಿಲ್ಲ. ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳು ಒಂದು ಸಂಜೆ, "ಅಪ್ಪಾಜಿ, ಲೆಕ್ಕ ಮಾಡುವಾಗ ಒಮ್ಮೆ ಟಿಣ್ ಅಂದ್ರ ಸಾಕು, ಮತ್ತ ಮೊದಲಿಂದ ಮಾಡಬೇಕಾಗ್ತದ" ಎಂದಳು.

ಅವಳ ಮಾತು ನೆಪವಲ್ಲ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಫೋನನ್ನು ಕೈಗೆತ್ತಿಕೊಳ್ಳದೆ ಹೋದರೂ, ಸೂಚನೆಯ ಸದ್ದು ಕೇಳಿದ ಮಾತ್ರಕ್ಕೇ ಮಾಡುತ್ತಿರುವ ಕೆಲಸದಲ್ಲಿ ತಪ್ಪುಗಳು ಹೆಚ್ಚುತ್ತವೆಂದು ಅವರು ಕಂಡುಕೊಂಡರು. ನಾವು ವಾಸಿಸುವ ಮೂಡುಬಿದಿರೆಯಲ್ಲಿ ಷಟ್‌ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದವು. ಅದರ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಅಂಥ ಬೃಹದ್ಗ್ರಂಥವನ್ನು ಗರಿಗರಿಯಾಗಿ ಬರೆದಿಟ್ಟವರ ಏಕಾಗ್ರತೆಯನ್ನು ನೆನೆದಾಗ, ಅರ್ಧ ಗಂಟೆ ಅಡೆತಡೆಯಿಲ್ಲದೆ ಓದಲು ಮಕ್ಕಳಿಗೆ ಅವಕಾಶವನ್ನಾದರೂ ಮಾಡಿಕೊಡುವುದು ಹಿರಿಯರ ಕರ್ತವ್ಯವೆನಿಸುತ್ತದೆ.

ಸೂಚನೆಗಳನ್ನು ನಿಲ್ಲಿಸೋಣವೆಂದಾಗ ನಮ್ಮ ಧರ್ಮಪತ್ನಿ ಒಪ್ಪಲಿಲ್ಲ. "ಊರಾಗ ಅತ್ತಿಯವರಿಗೆ ಏನರ ಆದ್ರ ಗೊತ್ತಾಗೂದು ಹೆಂಗ್ರೀ?" ಎಂಬುದು ಅವರ ಪ್ರಶ್ನೆ. ಅದರಲ್ಲಿ ಸತ್ಯವಿತ್ತು. ಈ ಸೀಮೆಯ ಮಳೆಗಾಲವೂ ನೆನಪಾಯಿತು. 1923ರ ನೇತ್ರಾವತಿಯ ಮಹಾಪೂರ ಬಂಟ್ವಾಳದವರ ನೆನಪಿನಲ್ಲಿ 'ಮಾರಿ ಬೊಳ್ಳ'ವೆಂದೇ ಉಳಿದಿದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಊರುಗಳಿಗೆ ನೆರೆ ನುಗ್ಗಿತು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಇಂಥ ಕಡೆ ಸುದ್ದಿಗೆ ಕಿವಿ ಮುಚ್ಚಿಕೊಂಡು ಕೂರುವುದು ವಿವೇಕವೇ?

ಕೂಡಿ ವಿಚಾರಿಸಿದಾಗ ದಾರಿ ಕಂಡಿತು. ನಿಜವಾದ ಅವಸರದ ಸುದ್ದಿಯನ್ನು ಯಾರೂ ಗುಂಪಿಗೆ ಬರೆದು ಸುಮ್ಮನಾಗುವುದಿಲ್ಲ, ಫೋನ್ ಮಾಡಿಯೇ ಮಾಡುತ್ತಾರೆ. ಆದುದರಿಂದ ಕರೆಯ ಗಂಟೆಯನ್ನು ಹಾಗೆಯೇ ಉಳಿಸಿಕೊಂಡೆವು. ಅಣ್ಣನವರು, ತಂಗಿ, ಕಚೇರಿಯ ಇಬ್ಬರು, ಇವರ ಸಂದೇಶಗಳಿಗೂ ಸದ್ದು ಉಳಿಯಿತು. ಉಳಿದೆಲ್ಲ ಗುಂಪುಗಳನ್ನು ವಾಟ್ಸ್‌ಆ್ಯಪ್‌ನಲ್ಲಿಯೇ ಮೌನಗೊಳಿಸಿದೆವು. ಎಂಟು ಗಂಟೆ, ಒಂದು ವಾರ, ಸದಾಕಾಲ ಎಂಬ ಮೂರು ಆಯ್ಕೆಗಳು ಅಲ್ಲಿವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳ ಸೂಚನೆಗಳನ್ನು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ಣ ನಿಲ್ಲಿಸಿದೆವು. ವಿಪತ್ತಿನ ಎಚ್ಚರಿಕೆಗೆ ಸರ್ಕಾರದ ವ್ಯವಸ್ಥೆಯೇ ಬೇರೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಅನೇಕರ ಫೋನುಗಳು ಏಕಕಾಲಕ್ಕೆ ಗಟ್ಟಿಯಾಗಿ ಕೂಗಿದ್ದು ಅದರ ಪರೀಕ್ಷೆಗಾಗಿಯೇ. ಸಾಮಾಜಿಕ ಜಾಲತಾಣಗಳ ಸದ್ದು ನಿಲ್ಲಿಸಿದರೆ ಆ ಎಚ್ಚರಿಕೆ ನಿಲ್ಲುವುದಿಲ್ಲ.

ಮೌನಗೊಳಿಸಿದ ಗುಂಪುಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟದ ನಂತರ ಹೀಗೆ ಮೂರು ಸಲ ನೋಡುವ ಪರಿಪಾಠವಾಯಿತು. 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಸೂಚನೆಗಳನ್ನು ದಿನಕ್ಕೆ ಮೂರು ಕಂತುಗಳಲ್ಲಿ ಪಡೆದವರ ಮನಸ್ಸು ಹೆಚ್ಚು ಹಗುರವಾಗಿತ್ತೆಂದೂ, ಒಂದನ್ನೂ ಪಡೆಯದವರಿಗೆ ಏನೋ ತಪ್ಪಿಹೋಗುತ್ತಿದೆಯೆಂಬ ಆತಂಕ ಹೆಚ್ಚಿತೆಂದೂ ಕಂಡುಬಂದಿದೆ. ಯಾವುದಕ್ಕೂ ಒಂದು ಮಿತಿ, ಒಂದು ಹೊತ್ತು ಇರಬೇಕೆಂಬ ಹಿರಿಯರ ಮಾತಿಗೂ ಇದಕ್ಕೂ ಭೇದವಿಲ್ಲ.

ಕಳೆದ ಆಷಾಢದ ಮಳೆಯ ರಾತ್ರಿ ಎರಡರ ಸುಮಾರಿಗೆ ಫೋನ್ ಗಂಟೆ ಬಾರಿಸಿತು. ರಾತ್ರಿ ಸದ್ದೇ ಇಲ್ಲದ ಮನೆಯಲ್ಲಿ ಎಲ್ಲರೂ ಒಮ್ಮೆಗೇ ಎದ್ದೆವು. ಅಣ್ಣನವರ ಕರೆ. ಅವ್ವನವರಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಬೆಳಗಾಗುವ ಮುನ್ನವೇ ಹೊರಟು ಅವರ ಹಾಸಿಗೆಯ ಬಳಿ ತಲುಪಿದೆವು. ನಾಲ್ಕು ದಿನಗಳಲ್ಲಿ ಅವ್ವ ಗುಣಮುಖರಾದರು. ಅಂದಿನಿಂದ ನಮ್ಮ ಮನೆಯವರ ಅನುಮಾನ ಪರಿಹಾರವಾಯಿತು. ಬೇಡದ ನೂರು ಸದ್ದುಗಳು ನಿಂತುದರಿಂದಲೇ ಬೇಕಾದ ಒಂದು ಸದ್ದಿಗೆ ಬೆಲೆ ಬಂದಿತ್ತು.

ಇದು ಕೇವಲ ಮನೆಯೊಳಗಣ ನೆಮ್ಮದಿಯ ಪ್ರಶ್ನೆಯಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ವದಂತಿಯನ್ನು ನಂಬಿದ ಜನ ಹೈದರಾಬಾದಿನ ತರುಣನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಸಂದೇಶ ಬಂದೊಡನೆ ನೋಡಿ, ನೋಡಿದೊಡನೆ ಇನ್ನೊಬ್ಬರಿಗೆ ಕಳಿಸುವ ಅವಸರಕ್ಕೆ ಸಂಸ್ಥೆ ಹಾಕುವ ಮಿತಿಯಷ್ಟೇ ಸಾಲದು. ಸಂಜೆಗೆ ಓದಿದ ಸುದ್ದಿಯ ಸತ್ಯಾಸತ್ಯ ವಿಚಾರಿಸಲು ಹೊತ್ತಿರುತ್ತದೆ.

ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮದಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಒಂದೂವರೆ ಗಂಟೆ ಟಿ.ವಿ., ಮೊಬೈಲುಗಳನ್ನು ದೂರವಿಡುವ ನಿಯಮವನ್ನು ಊರವರೇ ಮಾಡಿಕೊಂಡರು. ಚಟ ಮಿತಿಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಆ ಹಂತಕ್ಕೆ ಹೋಗುವ ಮೊದಲೇ ಎಚ್ಚೆತ್ತುಕೊಳ್ಳುವುದು ಲೇಸಲ್ಲವೇ?

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಇಂದು ರಾತ್ರಿ ಮನೆಮಂದಿಯೆಲ್ಲ ಕೂಡಿ ಕುಳಿತು, ಯಾರ ಸದ್ದು ಬೇಕು, ಯಾವುದು ಬೇಡ ಎಂದು ನಿರ್ಧರಿಸಿರಿ. ಮಕ್ಕಳಿಗೆ ಹೇಳುವ ಮೊದಲು ಹಿರಿಯರು ತಮ್ಮ ಫೋನಿನಿಂದಲೇ ಆರಂಭಿಸಲಿ. ಕಾಯಕಕ್ಕೂ, ಪೂಜೆಗೂ, ಮನೆಯವರೊಡನೆ ಮಾತಿಗೂ ಪೂರ್ಣ ಮನಸ್ಸನ್ನು ಕೊಡಲು ಇದರಿಂದ ಸಾಧ್ಯವಾದೀತು.