ಅತ್ತೆಯವರ ಉರಿಮೂತ್ರ

ಉರಿಮೂತ್ರವೆಂದರೆ ನಮ್ಮಲ್ಲಿ ಹೆಂಗಸರು ಪಿಸುಮಾತಿನಲ್ಲಿ ಹೇಳಿಕೊಳ್ಳುವ ಕಾಯಿಲೆ. ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ ಎಂದು ಅಡುಗೆಮನೆಯಲ್ಲೇ ಅದರ ಚಿಕಿತ್ಸೆ ಮುಗಿಯುತ್ತದೆ. ಎಂಬತ್ತು ದಾಟಿದ ನಮ್ಮ ಅತ್ತೆಯವರಂತೂ ಉರಿಯ ಮಾತನ್ನೇ ಎತ್ತಿದವರಲ್ಲ. ಚಳಿಜ್ವರ ಬಂದು, ನನ್ನನ್ನೇ ಗುರುತು ಹಿಡಿಯದೆ ಹೋದಾಗ ನಮಗೆ ತಿಳಿದದ್ದು.

ಮೂತ್ರ ಪರೀಕ್ಷೆ ಮೂರು ಸಲ ಆಯಿತು. ಮೂರು ಸಲವೂ ಚೀಟಿಯಲ್ಲಿ ಒಂದೇ ಮಾತು: ಚರ್ಮದ ಸಾಮಾನ್ಯ ಸೂಕ್ಷ್ಮಾಣುಗಳು ಬೆರೆತಿವೆ, ಮತ್ತೆ ಕೊಡಿ. ಸೀಸೆ ಹಿಡಿದವಳು ನಾನೇ. ಚೆನ್ನಾಗಿ ತೊಳೆಸಿ, ಮೊದಲ ಧಾರೆ ಬಿಟ್ಟು, ನಡುವಿನದನ್ನೇ ಹಿಡಿದಿದ್ದೆ. ಸರಿಯಾಗಿ ಬರೆದ ಉತ್ತರಕ್ಕೆ ಸೊನ್ನೆ ಸುತ್ತಿದರೆ ಮಕ್ಕಳಿಗೆ ಹೇಗಾಗುತ್ತದೆಂದು ಆಗ ಗೊತ್ತಾಯಿತು.

ನಾಲ್ಕನೆಯ ಸೀಸೆಯನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸ ಮಾಡುವ ದೊಡ್ಡ ಲ್ಯಾಬಿಗೆ ಒಯ್ದೆ. ನಾನು ಬಿ.ಎ. ಓದಿದವಳೆಂದು ಅವಳಿಗೆ ಗೊತ್ತು, ಬಿಡಿಸಿ ಹೇಳಿದಳು. "ಮಿಸ್, ಇದಕ್ಕೆ ಹೆಚ್ಚಾಗಿ ಕಾರಣ ಇ. ಕೋಲಿ. ಮ್ಯಾಕಾಂಕಿ ತಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಹುಳಿಯಾಗಿಸಿ ಗುಲಾಬಿ ಚುಕ್ಕೆಯಾಗುತ್ತದೆ. ಕೆಲವು ತಳಿಗಳು ಬಣ್ಣ ಕೊಡದೆ ಮೋಸ ಮಾಡುತ್ತವೆ. ಅವನ್ನು ಇಂಡೋಲ್ ಪರೀಕ್ಷೆಯ ಕೆಂಪು ಉಂಗುರ ನೋಡಿ ಹಿಡಿಯುತ್ತೇವೆ. ಅಜ್ಜಿಯದು ಆ ತಟ್ಟೆಯಲ್ಲಿ ಬೆಳೆಯಲೇ ಇಲ್ಲ."

ರಕ್ತ ಬೆರೆಸಿದ ತಟ್ಟೆಯಲ್ಲಿ ಮಾತ್ರ, ಇಡೀ ದಿನ ಕಾದ ಮೇಲೆ, ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಸುತ್ತ ಹಸಿರು ಛಾಯೆ. ನೋಡಿದರೆ ಗಂಟಲಿನ ನಿರುಪದ್ರವಿ ಸ್ಟ್ರೆಪ್ಟೊಕಾಕಸ್. ಸೂಕ್ಷ್ಮದರ್ಶಕದ ಕೆಳಗೆ ದ್ರಾಕ್ಷಿ ಗೊಂಚಲು, ಥೇಟ್ ಚರ್ಮದ ಸ್ಟ್ಯಾಫಿಲೊಕಾಕಸ್. ಎರಡರಲ್ಲಿ ಯಾವುದೆಂದುಕೊಂಡರೂ ಕಸವೆಂದು ಎಸೆಯುವುದೇ. ಅವಳು ಎಸೆಯಲಿಲ್ಲ. ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಳು. ಸ್ಟ್ಯಾಫಿಲೊಕಾಕಸ್ ಆಗಿದ್ದರೆ ಬುಸಬುಸನೆ ನೊರೆ ಬರಬೇಕಿತ್ತು. ಇದು ತೆಪ್ಪಗಿತ್ತು. ಆಮೇಲೆ ಸೂಕ್ಷ್ಮಾಣುವಿನ ಪ್ರೋಟೀನುಗಳನ್ನು ತೂಗಿ ಹೆಸರು ಹೇಳುವ ಮಾಲ್ಡಿ-ಟಾಫ್ ಯಂತ್ರಕ್ಕೆ ಕೊಟ್ಟಳು. ಏರೋಕಾಕಸ್ ಯೂರಿನೇ. 1992ರಲ್ಲಿ, ನಾನು ಬಿ.ಎಡ್. ಮುಗಿಸಿದ ವರ್ಷ, ಇಟ್ಟ ಹೆಸರಂತೆ.

ವಯಸ್ಸಾದವರನ್ನೇ ಹೆಚ್ಚಾಗಿ ಹುಡುಕಿಕೊಂಡು ಬರುವ ಇದು ರಕ್ತಕ್ಕೆ ಸೇರಿ ಹೃದಯದ ಕವಾಟದಲ್ಲಿ ಕೂತರೆ ಜೀವಕ್ಕೇ ಸಂಚಕಾರ. ಅತ್ತೆಯವರಿಗೆ ಕೊಟ್ಟಿದ್ದ ಸಲ್ಫಾ ಮಾತ್ರೆ ಸಾಮಾನ್ಯವಾಗಿ ಇದಕ್ಕೆ ನಾಟುವುದಿಲ್ಲ. ಹಳೆಯ ಪೆನಿಸಿಲಿನ್ ಜಾತಿಯ ಔಷಧಿ ನಾಟುತ್ತದೆ. ವೈದ್ಯರು ರಕ್ತವನ್ನೂ ಹೃದಯವನ್ನೂ ಪರೀಕ್ಷಿಸಿ, ಅಲ್ಲಿಗೆ ಹೋಗಿಲ್ಲವೆಂದರು. ವಾರದೊಳಗೆ ಅತ್ತೆ ನನ್ನ ಸಾರಿಗೆ ಉಪ್ಪು ಕಮ್ಮಿಯೆಂದರು.

ಹೊಸ ವರದಿಯ ಪ್ರತಿಯೊಂದನ್ನು ಹಳೆಯ ಲ್ಯಾಬಿಗೂ ಒಯ್ದೆ. ಕೌಂಟರಿನ ಹುಡುಗ ತಿರುಗಿಸಿ ನೋಡಿ, "ಬಿಲ್ ಕಟ್ಟಿದ್ದೀರಾ ಮೇಡಂ?" ಎಂದ.